ಎಡಗೈ ವೀಳ್ಯ

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಏಳು ಗಂಟೆಗೆ, ಬೆಟ್ಟದಪುರದ ಕೆಳಗಿನ ಮಾರನಕೊಪ್ಪಲು ಕೆರೆಯ ಏರಿಯ ಮೇಲೆ, ನೀರುಗಂಟಿ ಸಣ್ಣಬೀರಯ್ಯನನ್ನು ತೂಬಿನ ಕಂಬಕ್ಕೆ ಕಟ್ಟಿ ಅವನ ಬಲಗೈಯನ್ನು ಎರಡು ಕಡೆ ಮುರಿದರು. ಮುರಿದದ್ದು ತೂಬೆತ್ತುವ ಕಬ್ಬಿಣದ ಹಾರೆಯಿಂದ. ಮುರಿದವರು ಮೂವರು. ನಿಂತು ನೋಡಿದವರು ಮೂವತ್ತು ಜನ. ಸಾಕ್ಷಿ ಹೇಳುತ್ತೇವೆಂದು ಪೊಲೀಸರೆದುರು ಒಪ್ಪಿದವರು ಇಬ್ಬರು: ಅವನ ಹೆಂಡತಿ ಚಿಕ್ಕಬೀರಮ್ಮ ಮತ್ತು ಊರ ಚಾವಡಿಯ ಕೆಲಸ ನೋಡುವ ಜವರಯ್ಯ. ನಾಲ್ಕು ತಿಂಗಳಿಗೆ ಸಣ್ಣಬೀರಯ್ಯ ಸತ್ತ. ಆಸ್ಪತ್ರೆಯ ಚೀಟಿಯಲ್ಲಿ ಕಾಮಾಲೆ ಎಂದು ಬರೆದಿತ್ತು.

ನೀರುಗಂಟಿ ಎಂದರೆ ಕೆರೆಯ ನೀರನ್ನು ಸರದಿಯಂತೆ ಬಿಡುವವನು. ಸಣ್ಣಬೀರಯ್ಯನ ತಾತ ಮಾಡಿದ್ದೂ ಅದನ್ನೇ, ಅಪ್ಪ ಮಾಡಿದ್ದೂ ಅದನ್ನೇ. ಆ ದಿನದ ಸರದಿ ಕಾಲುವೆಯ ಕೊನೆಯಲ್ಲಿರುವ ಹನ್ನೆರಡು ಮನೆಗಳದ್ದು. ಅವರ ಹೊಗೆಸೊಪ್ಪಿನ ಸಸಿಮಡಿಗಳು ನಾಲ್ಕು ದಿನದಿಂದ ಬಾಡುತ್ತಿದ್ದವು. ಕಾಲುವೆಯ ತಲೆಯಲ್ಲಿ ಇಪ್ಪತ್ತೆರಡು ಎಕರೆಗೆ ಶುಂಠಿ ಹಾಕಲು ಹೊರಟಿದ್ದ ನೀಲಕಂಠಸ್ವಾಮಿ, ಆ ಮನೆಗಳಿಗೆ ನೀರು ಹೋಗುವ ಕೊನೆಯ ಮಡೆ ಮುಚ್ಚು ಎಂದ. ಸಣ್ಣಬೀರಯ್ಯ, “ಇವತ್ತಿನ ಸರದಿ ಅವ್ರುದು ಕಣ್ ಸ್ವಾಮಿ” ಎಂದ. ಅಷ್ಟೇ ಅಂದದ್ದು. ಪೊಲೀಸರ ದೋಷಾರೋಪ ಪಟ್ಟಿಯಲ್ಲೂ ಅಷ್ಟೇ ಇದೆ.

ಆ ಪಟ್ಟಿ ಎರಡು ವರ್ಷಕ್ಕೂ ಹೆಚ್ಚು ಕಾಲ ಪಿರಿಯಾಪಟ್ಟಣದ ಕೋರ್ಟಿನಲ್ಲಿ, ಜಯಲಕ್ಷ್ಮಮ್ಮನ ಮೇಜಿನ ತುದಿಯಲ್ಲಿ, ಕೆಂಪು ದಾರ ಕಟ್ಟಿಸಿಕೊಂಡು ಕೂತಿತ್ತು. ಜಯಲಕ್ಷ್ಮಮ್ಮ ಸರ್ಕಾರದ ವಕೀಲೆ. ಪೊಲೀಸರು ಹಾಕಿದ ಕೇಸನ್ನು ಸರ್ಕಾರದ ಪರವಾಗಿ ಮ್ಯಾಜಿಸ್ಟ್ರೇಟರ ಮುಂದೆ ನಡೆಸುವುದು ಅವಳ ಕೆಲಸ. ಕಾಗದದಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕಿ, ಜನರ ಬಾಯಲ್ಲಿ ಪೀಪಿ ಅಮ್ಮ. ವಯಸ್ಸು ಐವತ್ತೇಳು. ನಿವೃತ್ತಿಗೆ ಮೂರು ವರ್ಷ.

ಅವಳು ಕಂಪಲಾಪುರದವಳು. ಅವ್ವ ದೊಡ್ಡತಾಯಮ್ಮ ಬೇರೆಯವರ ಬ್ಯಾರನ್ನಿಗೆ, ಸೊಪ್ಪು ಹದ ಮಾಡುವ ಮನೆಗೆ, ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಲು ಹೋಗುತ್ತಿದ್ದಳು. ಶನಿವಾರ ಭಾನುವಾರ ಮಗಳೂ ಹೋಗುತ್ತಿದ್ದಳು. ಹಸಿ ಸೊಪ್ಪಿನ ಅಂಟು ಬೆರಳಿಗೆ ಕಪ್ಪಾಗಿ ಹತ್ತುತ್ತಿತ್ತು, ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಮೈಸೂರಿನ ಲಾ ಕಾಲೇಜಿನಲ್ಲಿ ಮೊದಲ ದಿನ ಪಕ್ಕದಲ್ಲಿ ಕೂತ ಹುಡುಗಿ ಅದನ್ನು ಇಂಕು ಅಂದುಕೊಂಡು, “ಪೆನ್ನು ಸೋರುತ್ತಾ?” ಎಂದು ಕೇಳಿದಳು. ಜಯಲಕ್ಷ್ಮಮ್ಮ ಹೌದು ಅಂದಳು. ಅವಳು ನುಡಿದ ಮೊದಲ ಸುಳ್ಳು ಸಾಕ್ಷಿ ಅದು.

ಆಮೇಲೆ ಇಪ್ಪತ್ತಾರು ವರ್ಷದ ಸರ್ವಿಸು. ಹೆಗ್ಗಡದೇವನಕೋಟೆ, ಹುಣಸೂರು, ಕೆ.ಆರ್. ನಗರ, ಮತ್ತೆ ಪಿರಿಯಾಪಟ್ಟಣ. ನಾಲ್ಕು ತಾಲ್ಲೂಕಿನ ಬಸ್‌ಸ್ಟ್ಯಾಂಡಿನ ಕಕ್ಕಸುಗಳಲ್ಲಿ ಯಾವುದಕ್ಕೆ ಚಿಲಕವಿಲ್ಲ ಎಂಬುದು ಅವಳಿಗೆ ಗೊತ್ತು. ಗೆದ್ದ ಕೇಸುಗಳ ಪಟ್ಟಿ ಉದ್ದವಿತ್ತು. ಗೆದ್ದದ್ದೆಲ್ಲ ಯಾರ ಮೇಲೆ ಎಂದು ಅವಳು ಕೇಳಿಕೊಳ್ಳದೆ ಇದ್ದಷ್ಟು ದಿನ ಆ ಪಟ್ಟಿ ಚೆನ್ನಾಗಿಯೇ ಕಾಣುತ್ತಿತ್ತು.

ಜನ ಬರೀ ಕೋಟೆ ಎನ್ನುವ ಹೆಗ್ಗಡದೇವನಕೋಟೆಯಲ್ಲಿದ್ದಾಗ ಕಾಕನಕೋಟೆ ಕಾಡಂಚಿನ ಬುಡಕಟ್ಟು ಹಾಡಿಯಿಂದ ದಾಸಯ್ಯ ಎಂಬುವನನ್ನು ಹಿಡಿದು ತಂದಿದ್ದರು. ಆರೋಪ, ಜೇನು ಕೊಯ್ದದ್ದು. ಜಯಲಕ್ಷ್ಮಮ್ಮ ಅಚ್ಚುಕಟ್ಟಾಗಿ ವಾದ ಮಾಡಿದಳು. ಮೂರು ತಿಂಗಳು ಶಿಕ್ಷೆಯಾಯಿತು. ಕರೆದುಕೊಂಡು ಹೋಗುವಾಗ ದಾಸಯ್ಯ ಬಾಗಿಲಲ್ಲಿ ನಿಂತು ಅವಳನ್ನು ಕೇಳಿದ: “ಅವ್ವ, ನಾನು ಜೇನು ಕುಯ್ಯಾದ ನೀವು ನೋಡಿದ್ರಾ?” ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ. ನೋಡದವಳು ಅಷ್ಟು ಖಚಿತವಾಗಿ ಮಾತಾಡಿದ್ದು ಅವನಿಗೆ ಸೋಜಿಗವಾಗಿತ್ತು.

ಆ ಪ್ರಶ್ನೆಗೆ ಇಪ್ಪತ್ತು ವರ್ಷವಾಯಿತು. ಇನ್ನೂ ಉತ್ತರ ಕೊಟ್ಟಿಲ್ಲ.

ಅಕ್ಟೋಬರ್‌ನ ಒಂದು ಗುರುವಾರ ಮಧ್ಯಾಹ್ನ. ಹೊಗೆಸೊಪ್ಪಿನ ಹರಾಜು ಶುರುವಾಗಿತ್ತು. ಬೇಲು ತುಂಬಿದ ಟ್ರ್ಯಾಕ್ಟರುಗಳು ರಸ್ತೆಯಲ್ಲಿ ಸಾಲುಗಟ್ಟಿ, ಕೋರ್ಟಿನ ಕಿಟಕಿಯೊಳಗೆ ಬೆಲ್ಲ ಸುಟ್ಟಂಥ ವಾಸನೆ ನುಗ್ಗುತ್ತಿತ್ತು. ಕೋರ್ಟಿನ ಕೆಲಸಕ್ಕೆ ಠಾಣೆಯಿಂದ ಬರುವ ಪೇದೆ ಶಶಿ ಒಂದು ದಪ್ಪ ಲಕೋಟೆ ಹಿಡಿದು ಬಾಗಿಲಲ್ಲಿ ನಿಂತ.

“ಅಮ್ಮ, ಬೆಂಗ್ಳೂರಿಂದ ಲಗ್ನಪತ್ರಿಕೆ ಬಂದದೆ.”

“ಯಾರದಪ್ಪ?”

“ನೀಲಕಂಠಸ್ವಾಮೋರ್ದು. ಹೆಣ್ಣಿನ ಹೆಸ್ರು ಬಿಡುಗಡೆ ಅಂತೆ.”

“ಕೊಡು ಇಲ್ಲಿ. ಬಾಯಿ ಜಾಸ್ತಿ ಆಯ್ತು ನಿಂದು.”

“ಬಾಯಿ ಇರೋದ್ಕೇ ಇನ್ನೂ ಪೇದೆ ಆಗಿರಾದು ಅಮ್ಮ.”

ಲಕೋಟೆಯಲ್ಲಿ ಮೂರು ಕಾಗದ. ಮೊದಲನೆಯದು ಸರ್ಕಾರದ ಆದೇಶ. ನೀರಿಗಾಗಿ ಹೋರಾಡಿದ ರೈತರ ಮೇಲಿನ ಮೂವತ್ತೊಂದು ಮೊಕದ್ದಮೆಗಳನ್ನು ಹಿಂಪಡೆಯಲು ಸರ್ಕಾರ ತೀರ್ಮಾನಿಸಿದೆ. ಜಯಲಕ್ಷ್ಮಮ್ಮ ಪಟ್ಟಿಯನ್ನು ಬೆರಳಿಟ್ಟು ಓದಿದಳು. ರಸ್ತೆ ತಡೆ. ಪ್ರತಿಕೃತಿ ದಹನ. ನೀರಾವರಿ ಕಚೇರಿಗೆ ಬೀಗ. ಒಬ್ಬ ಎಂಜಿನಿಯರನ ಕುರ್ಚಿಯ ಮೇಲೆ ಒಣಗಿದ ಸಸಿ ತಂದಿಟ್ಟದ್ದಕ್ಕೂ ಒಂದು ಕೇಸು. ಅವಳ ಕೋರ್ಟಿಗೆ ಸೇರಿದವು ಐದು. ಅವುಗಳಲ್ಲಿ ನಾಲ್ಕಕ್ಕೆ ಅರ್ಜಿ ಹಾಕುವುದು ಸರಿಯೇ. ಆ ಜನ ಕೇಳಿದ್ದು ನೀರು. ಅವರನ್ನು ಕೋರ್ಟಿಗೆ ಅಲೆಸಿದ್ದೇ ತಪ್ಪು. ಅವಳು ಕಡತಗಳನ್ನು ತರಿಸಿ ಓದಿ, ನಾಲ್ಕಕ್ಕೂ ತಾನೇ ಅರ್ಜಿ ಬರೆದು ಅಲ್ಲೇ ಸಹಿ ಹಾಕಿದಳು. ಕೈ ತಡೆಯಲಿಲ್ಲ.

ಐದನೆಯದು ಪಟ್ಟಿಯಲ್ಲಿ ಹದಿನೇಳನೇ ಸಾಲು. ‘ನೀರಾವರಿ ಹೋರಾಟದ ಸಂದರ್ಭದಲ್ಲಿ ಮಾರನಕೊಪ್ಪಲಿನಲ್ಲಿ ನಡೆದ ಸಣ್ಣಪುಟ್ಟ ಘರ್ಷಣೆ.’

ಆ ಮಾರ್ಚ್ ಬೆಳಿಗ್ಗೆ ಕಂಪಲಾಪುರದಲ್ಲಿ ರಸ್ತೆ ತಡೆ ನಡೆದದ್ದು ನಿಜ. ಅದಕ್ಕೂ ಸಣ್ಣಬೀರಯ್ಯನ ಕೈಗೂ ನಡುವೆ ಹತ್ತಾರು ಮೈಲಿ. ತಾಲ್ಲೂಕಿನ ನೀರು ಹಿತರಕ್ಷಣಾ ಸಮಿತಿ ಎಂಬುದೊಂದರ ಅಧ್ಯಕ್ಷ ನೀಲಕಂಠಸ್ವಾಮಿ. ಹಾಗಾಗಿ ಅವನು ಹಾರೆ ಎತ್ತಿದರೆ ಅದೂ ಹೋರಾಟವೇ. ಬಡವರ ಮೂವತ್ತು ಕೇಸುಗಳ ಮೆರವಣಿಗೆಯಲ್ಲಿ ಒಬ್ಬ ಹೊಡೆದವನು ಹಸಿರು ಟವೆಲು ಹೊದ್ದು ನುಸುಳಿದ್ದ.

ಎರಡನೆಯ ಕಾಗದ ಹದಿನೇಳನೇ ಸಾಲಿಗಾಗಿಯೇ ತಯಾರಾದ ಅರ್ಜಿ. ಬೆರಳಚ್ಚಾಗಿ, ಕೆಳಗೆ ಅವಳ ಹೆಸರು ಮುದ್ರಿತವಾಗಿ, ಸಹಿಗೆ ಜಾಗ ಬಿಟ್ಟು ಬಂದಿತ್ತು. ‘ನಾನು ಕಡತವನ್ನು ಕೂಲಂಕಷವಾಗಿ ಪರಿಶೀಲಿಸಿ, ಯಾರ ಒತ್ತಡಕ್ಕೂ ಒಳಗಾಗದೆ, ನನ್ನ ಸ್ವಂತ ವಿವೇಚನೆಯಿಂದ ಈ ಮೊಕದ್ದಮೆಯನ್ನು ಮುಂದುವರಿಸುವುದು ಸೂಕ್ತವಲ್ಲವೆಂದು ಮನಗಂಡಿರುತ್ತೇನೆ.’

ಕಾನೂನು ಹೇಳುವುದು ಹಾಗೆಯೇ. ಕೇಸನ್ನು ಕೈಬಿಡಬೇಕೆ ಬೇಡವೆ ಎಂದು ಸರ್ಕಾರ ಸಲಹೆ ಕೊಡಬಹುದು. ಯೋಚಿಸಬೇಕಾದವಳು ಅಭಿಯೋಜಕಿ, ಒಪ್ಪಬೇಕಾದವರು ನ್ಯಾಯಾಧೀಶರು. ಅವಳ ಸ್ವಂತ ವಿವೇಚನೆ ಬೆಂಗಳೂರಿನಲ್ಲಿ ಟೈಪಾಗಿ ಅವಳ ಮೇಜಿಗೆ ಬಂದು ಕೂರುವುದು ಇದು ಹತ್ತನೆಯ ಸಲ. ಹಿಂದಿನ ಒಂಬತ್ತಕ್ಕೂ ಸಹಿ ಹಾಕಿದ್ದಳು. ಎರಡು ಸರಿಯಿದ್ದವು. ಏಳು ಸರಿಯಿರಲಿಲ್ಲ. ಆ ಏಳೂ ಅವಳಿಗೆ ಹೆಸರು ಸಮೇತ ನೆನಪಿವೆ. ನ್ಯಾಯ ಸಿಗದವರಲ್ಲಿ ಒಬ್ಬಳು ಹುಣಸೂರಿನ ಕಾಲೇಜು ಹುಡುಗಿ. ಅವಳ ಮುಖವೂ ನೆನಪಿದೆ.

ಮೂರನೆಯದು ಒಂದು ಫೋಟೋ.

ಮಾರನಕೊಪ್ಪಲಿನ ಚಾವಡಿ. ನೀಲಕಂಠಸ್ವಾಮಿ ಮುಂದೆ ಕೈ ಚಾಚಿ ಸೆಲ್ಫಿ ತೆಗೆಯುತ್ತ ನಗುತ್ತಿದ್ದಾನೆ. ಜವರಯ್ಯ ಹಿತ್ತಾಳೆ ತಟ್ಟೆ ಹಿಡಿದಿದ್ದಾನೆ. ಅವನೆದುರು ಸೆರಗು ತಲೆಗೆ ಹೊದ್ದ ಚಿಕ್ಕಬೀರಮ್ಮ. ಅವಳ ಕೈಯಲ್ಲಿ ಎಲೆಯಡಿಕೆ. ಫೋಟೋದ ಹಿಂದೆ ಬರೆದಿತ್ತು: ‘ಉಭಯತ್ರರೂ ಗ್ರಾಮದ ಹಿರಿಯರ ಸಮ್ಮುಖ ವೀಳ್ಯ ಪಡೆದು ರಾಜಿಯಾಗಿರುತ್ತಾರೆ.’

ಆ ಕಡೆಯ ಊರುಗಳಲ್ಲಿ ಚಾವಡಿಯ ತಟ್ಟೆಯಿಂದ ವೀಳ್ಯ ಎತ್ತಿಕೊಂಡರೆ ಜಗಳ ಮುಗಿಯಿತೆಂದು ಅರ್ಥ. ಕಾಗದ ಬೇಡ, ಸಹಿ ಬೇಡ. ಎತ್ತಿಕೊಂಡವರು ಮತ್ತೆ ಆ ಮಾತೆತ್ತುವ ಹಾಗಿಲ್ಲ. ಜಯಲಕ್ಷ್ಮಮ್ಮನಿಗೆ ಅದು ಗೊತ್ತು. ಗೊತ್ತಿದ್ದದ್ದರಿಂದಲೇ ಅವಳ ಮೈ ಸಡಿಲಾಯಿತು. ಹೆಂಡತಿಯೇ ವೀಳ್ಯ ಎತ್ತಿಕೊಂಡ ಮೇಲೆ ನಾನು ಯಾರಿಗಾಗಿ ಜಗ್ಗಾಡಲಿ? ಇಂಥ ಸಮಾಧಾನ ಅವಳಿಗೆ ಹಿಂದೆಯೂ ಆಗಿತ್ತು. ಏಳು ಸಲ.

ಪೆನ್ನಿನ ಮುಚ್ಚಳ ತೆಗೆದಳು. ಸಹಿಯ ಜಾಗದ ಮೇಲೆ ಫೋಟೋದ ಮೂಲೆ ಬಿದ್ದಿತ್ತು. ಸರಿಸಲು ಹೋದವಳು ಫೋಟೋದಲ್ಲಿ ಚಿಕ್ಕಬೀರಮ್ಮನ ಕೈಯನ್ನು ಕಂಡಳು.

“ಶಶಿ, ಇಲ್ಲಿ ಬಾ. ಈಯಮ್ಮ ಎಲೆ ಹಿಡ್ಕಂಡಿರೋದು ಯಾವ ಕೈಲಿ?”

ಶಶಿ ಬಗ್ಗಿ ನೋಡಿದ. ತನ್ನ ಎರಡೂ ಕೈ ಮುಂದೆ ಚಾಚಿ, ತಿರುಗಿ ನಿಂತು ಅಳತೆ ಮಾಡಿದ. “ಎಡಗೈ ಅಮ್ಮ. ಆದ್ರೆ ಈ ಸೆಲ್ಫಿ ಫೋನಲ್ಲಿ ಎಡ ಬಲ ಉಲ್ಟಾ ಆಯ್ತದೆ.”

“ಹಿಂದೆ ಬೋರ್ಡು ಓದು.”

“ಮಾರನಕೊಪ್ಪಲು ಗ್ರಾಮ ಚಾವಡಿ.”

“ಅಕ್ಷರ ಉಲ್ಟಾ ಇದಾವಾ?”

“ಇಲ್ಲ.” ಶಶಿ ನೆಟ್ಟಗಾದ. “ಹಂಗಾರೆ ಎಡಗೈಯೇ. ಅದ್ಕೇನೀಗ ಅಮ್ಮ? ವಯಸ್ಸಾದೋರು, ಯಾವ್ದೋ ಕೈ ಚಾಚವ್ರೆ.”

ಜಯಲಕ್ಷ್ಮಮ್ಮ ಫೋಟೋವನ್ನು ಕಣ್ಣ ಹತ್ತಿರ ಹಿಡಿದಳು. ಅವಳ ಚಿಕ್ಕಂದಿನಲ್ಲಿ ಅವ್ವ ದೊಡ್ಡತಾಯಮ್ಮ, ಎಡಗೈಯಲ್ಲಿ ಎಲೆ ಮುಟ್ಟಿದರೆ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದಳು. ಯಾಕೆ ಎಂದು ಯಾವತ್ತೂ ಹೇಳಿರಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿದಳು.

“ಸೋಮವಾರ ಕೇಸಿದೆ. ಚಿಕ್ಕಬೀರಮ್ಮನಿಗೆ ಸಮನ್ಸು ಮುಟ್ಟಿಸು. ನೀನೇ ಹೋಗು. ಕೈಗೇ ಕೊಡು.”

“ಆಯಮ್ಮ ಎಂಟು ಸಲ ಬಂದು ಹಂಗೇ ವಾಪಸ್ ಹೋಗವ್ಳೆ ಅಮ್ಮ. ಬತ್ತಾಳಾ?”

“ಒಂಬತ್ತನೇ ಸಲಾನೂ ಬರ್ತಾಳೆ. ಬರದೆ ಇರೋರ ತರ ಕಾಣಲ್ಲ ಈ ಕೈ.”

ಸೋಮವಾರ ಜಯಲಕ್ಷ್ಮಮ್ಮ ಬರುವ ಹೊತ್ತಿಗೆ ಚಿಕ್ಕಬೀರಮ್ಮ ಕೋರ್ಟಿನ ಮುಂದಿನ ಹೊಂಗೆಮರದ ಕಟ್ಟೆಯ ಮೇಲೆ ಕೂತಿದ್ದಳು. ಮೊದಲ ಬಸ್ಸಿಗೇ ಬಂದಿದ್ದಳು. ಪಕ್ಕದಲ್ಲಿ ರೊಟ್ಟಿಯ ಗಂಟು. ಕಟ್ಟೆಯ ಆ ತುದಿಯಲ್ಲಿ ಜವರಯ್ಯ, ಅವಳನ್ನು ಕಂಡೇ ಇಲ್ಲವೆಂಬಂತೆ ಬೆನ್ನು ತಿರುಗಿಸಿ ಬೀಡಿ ಎಳೆಯುತ್ತಿದ್ದ.

“ಅವನ್ಯಾಕೆ ಬಂದಿದ್ದಾನೆ?” ಎಂದು ಜಯಲಕ್ಷ್ಮಮ್ಮ ಶಶಿಯನ್ನು ಕೇಳಿದಳು.

“ಕೋರ್ಟು ಬಿಲ್ಡಿಂಗ್ ನೋಡಕೆ ಬಂದೆ ಅಂತಾನೆ. ಒಂದೇ ಬಸ್ಸಲ್ಲಿ ಬಂದವ್ರೆ. ಅವ ಮುಂದ್ಗಡೆ ಸೀಟು, ಈಯಮ್ಮ ಹಿಂದ್ಗಡೆ ಸೀಟು.”

ಜಯಲಕ್ಷ್ಮಮ್ಮ ಕಟ್ಟೆಯ ಮೇಲೆ ಚಿಕ್ಕಬೀರಮ್ಮನ ಪಕ್ಕ ಕೂತಳು. ಕರಿ ಕೋಟು ಹಾಕಿದವರು ಕಟ್ಟೆಯ ಮೇಲೆ ಕೂರುವುದನ್ನು ನೋಡಿ ಜವರಯ್ಯ ಬೀಡಿ ಆರಿಸಿದ.

“ಚಿಕ್ಕಬೀರಮ್ಮ, ಚಾವಡೀಲಿ ವೀಳ್ಯ ಈಸ್ಕೊಂಡ್ರಂತೆ.”

“ಈಸ್ಕಂಡೆ ಕಣವ್ವ.”

“ಯಾವ ಕೈಲಿ?”

ಚಿಕ್ಕಬೀರಮ್ಮ ಅವಳ ಮುಖ ನೋಡಿದಳು. “ಅದ ಕೇಳ್ದೋರು ನೀವೊಬ್ರೇಯ” ಎಂದಳು. “ಎಡಗೈಲಿ.”

“ಯಾಕೆ?”

“ಬದುಕಿರೋರ ವೀಳ್ಯ ಬಲಗೈಗೆ, ಸತ್ತೋರ ವೀಳ್ಯ ಎಡಗೈಗೆ. ತಿಥಿ ದಿನ ಮಣ್ ಮಾಡಿದ್ ಗುಡ್ಡೆ ಮ್ಯಾಲೆ ಇಕ್ಕಕೆ ಎಲೆಯಡಕೆ ಕೊಡ್ತಾರಲ್ಲ, ಅದ ಎಡಗೈಲೇ ಈಸ್ಕಳಾದು. ಎಡಗೈಲಿ ಈಸ್ಕಂಡುದ್ದು ನಂದಲ್ಲ. ಅದು ಅವ್ನಿಗೆ ಬಂದುದ್ದು, ಅವ್ನಿಗೇ ಓಯ್ತು. ನನ್ ಮಾತು ನನ್ ತಾವೇ ಅದೆ.”

“ಎಲೆ ಏನ್ ಮಾಡಿದ್ರಿ?”

“ಸೀದಾ ಓಗಿ ಅವ್ನ ಗುಡ್ಡೆ ಮ್ಯಾಲೆ ಇಕ್ದೆ. ಮೇಕೆ ಬಂದು ತಿನ್ಕಂಡು ಓಯ್ತು.” ಚಿಕ್ಕಬೀರಮ್ಮ ರೊಟ್ಟಿಯ ಗಂಟನ್ನು ಬಿಗಿ ಮಾಡಿದಳು. “ರಾಜಿ ಆಗಿದ್ರೆ ಆ ಮೇಕೆನೇ ಆಗಿರ್ಬೇಕು ಕಣವ್ವ.”

ಶಶಿ ನಗು ತಡೆಯಲು ಕೆಮ್ಮಿದ. ಕಟ್ಟೆಯ ಆ ತುದಿಯಲ್ಲೂ ಯಾರೋ ಕೆಮ್ಮಿದಂತಾಯಿತು.

“ನೀಲಕಂಠಸ್ವಾಮಿ ನೋಡಲಿಲ್ವಾ?”

“ಅವ ಪೋನ್ ನೋಡ್ತಿದ್ದ. ‘ಇಲ್ನೋಡಮ್ಮ, ಇಲ್ನೋಡಮ್ಮ’ ಅಂತಿದ್ದ. ಮಕ ನೋಡ್ದ, ಎಲೆ ನೋಡ್ದ. ಕೈ ನೋಡ್ನಿಲ್ಲ. ಅವ್ನ ಕಡೆಯೋರೂ ಅಷ್ಟೇಯ, ಒಬ್ಬರಿಗಿಂತ ಒಬ್ಬರು ಮುಂದ್ಕೆ ಬಂದು ಪಟ ಇಡಿಸ್ಕತಿದ್ರು. ನೋಡ್ದೋನು ತಟ್ಟೆ ಇಡ್ದಿದ್ದೋನೊಬ್ನೇ.” ಅವಳು ಜವರಯ್ಯನ ಬೆನ್ನಿನ ಕಡೆ ಗಲ್ಲ ಎತ್ತಿದಳು. “ತಟ್ಟೆ ಅಲುಗ್ತು. ಬಾಯಿ ಬುಡ್ನಿಲ್ಲ. ಅಷ್ಟ್ ಮಾಡ್ದ, ಪುಣ್ಯಾತ್ಮ.”

“ಅಲ್ಲೇ ಬೇಡ ಅನ್ನಬಹುದಿತ್ತಲ್ಲ?”

“ಅಂದಿದ್ರೆ ನನ್ ಸಸಿಮಡಿಗೆ ನೀರು ನಿಲ್ಲುಸ್ತಿದ್ರು. ಈಗ ತೂಬು ಅವ್ರ ಕಡೆಯೋನ ಕೈಲದೆ. ಅದೂ ಒಂದ್ಕಡಿಕಿರ್ಲಿ. ಅಲ್ಲಿ ನಾನು ಮಾತಾಡಿದ್ರೆ ಗಾಳಿಗೆ ಓಯ್ತದೆ ಕಣವ್ವ. ಬರ್ಕಳೋರು ಯಾರವ್ರೆ ಅಲ್ಲಿ? ಇಲ್ಲಿ ಬರ್ಕತ್ತಾರೆ.” ಅವಳು ಕೋರ್ಟಿನ ಬಾಗಿಲ ಕಡೆ ನೋಡಿದಳು. “ಎಂಟು ಸಲ ಬಂದೆ. ಆ ಮರದ ಕಟಕಟೆ ಐತಲ್ಲ, ಅದ್ರೊಳಕ್ಕೆ ಒಂದ್ಸಲಾನೂ ನಿಲ್ಲಿಸ್ನಿಲ್ಲ ನನ್ನ. ಒಂದ್ಸಲ ಜಡ್ಜ್ ಇಲ್ಲ, ಒಂದ್ಸಲ ಅವ್ರ ಲಾಯರ್ಗೆ ಸೊಂಟ ನೋವು, ಎಲ್ಡ್ ಸಲ ನೀವೇ ‘ಮುಂದಕ್ಕಾಕಿ ಸ್ವಾಮಿ’ ಅಂದ್ರಿ. ಇವತ್ತಾರೂ ನಿಲ್ಲುಸ್ತೀರಾ?”

ಜಯಲಕ್ಷ್ಮಮ್ಮ ಎದ್ದಳು. ಎರಡು ಸಲ ತಾನೇ ಅಂದದ್ದು ನಿಜ. ಒಂದು ಸಲ ಸಾಹೇಬರ ಫೋನು ಬಂದಿತ್ತು. ಇನ್ನೊಂದು ಸಲ ಫೋನೂ ಬಂದಿರಲಿಲ್ಲ. ಬರಬಹುದೆಂದು ತಾನೇ ಊಹಿಸಿಕೊಂಡು ಕೇಳಿದ್ದಳು.

ಸಾಹೇಬರು ಆ ದಿನ ಫೋನು ಮಾಡಲಿಲ್ಲ, ತಾವೇ ಬಂದರು. ಜಿಲ್ಲೆಯ ಸರ್ಕಾರಿ ಅಭಿಯೋಜಕರೆಲ್ಲರ ಮೇಲಧಿಕಾರಿ ಕನಕರಾಜು. ಹದಿನೈದು ವರ್ಷದ ಹಿಂದೆ ಹುಣಸೂರಿನಲ್ಲಿ ಜಯಲಕ್ಷ್ಮಮ್ಮನ ಕೈಕೆಳಗೆ ಕೆಲಸ ಕಲಿತವನು. ಈಗಲೂ ಅಕ್ಕ ಎನ್ನುತ್ತಾನೆ. ಕೋಣೆಯ ಬಾಗಿಲು ಮುಂದೆ ಮಾಡಿ, ಇದ್ದ ಒಂದೇ ಒಳ್ಳೆಯ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ತಾನು ಸ್ಟೂಲಿನ ಮೇಲೆ ಕೂತ. ಕೆಟ್ಟ ಕೆಲಸ ಹೇಳಲು ಬಂದವರು ತಗ್ಗಿನಲ್ಲಿ ಕೂರುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಅಕ್ಕ, ಮೂವತ್ತೊಂದರಲ್ಲಿ ಮೂವತ್ತು ಆಯ್ತು. ಇದೊಂದಕ್ಕೆ ಬೆಳಿಗ್ಗೆಯಿಂದ ನಂಗೆ ನಾಲ್ಕು ಫೋನು.”

“ಮೂವತ್ತೊಂದನೇದು ಅವರ ಜೊತೆಯಲ್ಲ ಕನಕರಾಜು. ಬಸ್ಸಿಗೆ ಟಿಕೆಟ್ ಇಲ್ಲದೆ ಹತ್ತಿದ್ದು.”

“ಸತ್ತೋನು ಕಾಮಾಲೆಯಿಂದ ಸತ್ತ. ಕೈ ಮುರಿದಿದ್ದು ಒಂದು ಕೇಸು. ಊರಲ್ಲಿ ರಾಜಿಯಾಗಿದೆ, ಫೋಟೋ ಇದೆ. ನಿಮಗೇನು ಕಷ್ಟ?”

ಜಯಲಕ್ಷ್ಮಮ್ಮ ಫೋಟೋವನ್ನು ಅವನ ಮುಂದಿಟ್ಟಳು. “ನೀನು ಕೆ.ಆರ್. ನಗರದ ಕಡೆಯೋನಲ್ವಾ? ನೋಡು.”

“ನೋಡಿದೀನಿ.”

“ಮುಖ ನೋಡಿದೀಯ. ಕೈ ನೋಡು.”

ಕನಕರಾಜು ನೋಡಿದ. ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದ. ಅವನ ಅಂಗೈ ತಾನಾಗಿಯೇ ತೊಡೆಯ ಮೇಲೆ ಮಗುಚಿಕೊಂಡಿತು. ಅಜ್ಜಿ ಸತ್ತ ಹನ್ನೊಂದನೇ ದಿನ ಬಲಗೈ ಚಾಚಿದ್ದಕ್ಕೆ ಚಿಕ್ಕಪ್ಪನಿಂದ ತಿಂದ ಏಟು ಎಲ್ಲಿಂದಲೋ ಬಂದು ಅಲ್ಲಿ ಕೂತಿತ್ತು. ಹೊರಗೆ ಟ್ರ್ಯಾಕ್ಟರೊಂದು ಹಾರನ್ನು ಒತ್ತುತ್ತಲೇ ಇತ್ತು.

“ಇದನ್ನ ಬೇರೆ ಯಾರೂ ಗಮನಿಸಿಲ್ಲ ತಾನೆ?” ಎಂದ.

ಜಯಲಕ್ಷ್ಮಮ್ಮ ನಕ್ಕಳು. ಹದಿನೈದು ವರ್ಷದ ಹಿಂದೆ ಇವನು ಬುದ್ಧಿವಂತ ಎಂದು ಅವಳೇ ಷರಾ ಬರೆದಿದ್ದಳು.

“ನಗಬೇಡಿ ಅಕ್ಕ. ನೇರ ಹೇಳ್ತೀನಿ. ಬಡ್ತಿ ಪಟ್ಟಿಯಲ್ಲಿ ನಿಮ್ಮ ಹೆಸರು ಎರಡನೇದು. ಇದು ಆಗದಿದ್ದರೆ ಪಟ್ಟಿಯೂ ಇಲ್ಲ, ಪಿರಿಯಾಪಟ್ಟಣವೂ ಇಲ್ಲ. ಕೋಟೆಗೆ ಹಾಕ್ತಾರೆ.”

“ಹಾಕ್ಲಿ. ಕೋಟೇಲಿ ದಾಸಯ್ಯ ಅಂತ ಒಬ್ಬ ಇದ್ದ. ಇನ್ನೂ ಇದ್ದರೆ ಮಾತಾಡಿಸ್ಕೊಂಡು ಬರ್ತೀನಿ. ಒಂದು ಪ್ರಶ್ನೆ ಕೇಳಿದ್ದ.”

“ನೀವು ಸಹಿ ಹಾಕದಿದ್ರೆ ಇನ್ನೊಬ್ಬರು ಹಾಕ್ತಾರೆ. ನಾಳೆ ನಿಮ್ಮ ವರ್ಗಾವಣೆ, ನಾಳಿದ್ದು ಹೊಸಬರು ಬಂದು ಚಾರ್ಜು ತಗೊಳ್ತಾರೆ, ಸಹಿ ಹಾಕ್ತಾರೆ. ಏನು ಸಾಧಿಸಿದ ಹಾಗಾಯ್ತು?”

ಅವನು ಹೇಳಿದ್ದು ನಿಜ. ಅವಳ ಕೈ ಸಹಿ ಹಾಕದಿದ್ದರೆ ಸಹಿ ಹಾಕುವ ಕೈಗಳಿಗೆ ಈ ರಾಜ್ಯದಲ್ಲಿ ಬರವಿಲ್ಲ. ಆದರೆ ನಾಳಿದ್ದು ಬರುವ ಕೈ ಬರುವುದು ನಾಳಿದ್ದು. ಇವತ್ತು ಚಿಕ್ಕಬೀರಮ್ಮ ಕಟಕಟೆಯಲ್ಲಿ ನಿಂತು ಮಾತಾಡಿದರೆ ಆ ಮಾತು ದಾಖಲೆಯ ಹಾಳೆಯಲ್ಲಿ, ನ್ಯಾಯಾಧೀಶರ ಸಹಿಯೊಂದಿಗೆ ಇಳಿಯುತ್ತದೆ. ಆಮೇಲೆ ಕೇಸು ಹಿಂಪಡೆಯುತ್ತೇವೆ ಎನ್ನುವವರು ಆ ಹಾಳೆಯನ್ನು ದಾಟಿಯೇ ಹೋಗಬೇಕು. ಅಳಿಸಲು ಬರುವುದಿಲ್ಲ.

ಅವಳು ಬಾಗಿಲ ಕಡೆ ನೋಡಿದ್ದನ್ನು ಕನಕರಾಜು ಬೇರೆ ರೀತಿ ಓದಿದ. ದನಿ ತಗ್ಗಿಸಿದ. “ಹೋಗ್ಲಿ ಬಿಡಿ. ಸಹಿ ಬೇಡ. ನಿಮ್ಮ ಮನಸ್ಸಿಗೆ ವಿರುದ್ಧ ಬೇಡ. ಇವತ್ತು ಮುಂದೂಡಿಕೆ ಕೇಳಿ, ಸಾಕು. ‘ಅಭಿಯೋಜನೆಗೆ ಸಮಯ ಬೇಕು’ ಅಂದ್ರೆ ಆಯ್ತು. ಮೂರು ಪದ. ನಿಮ್ಮ ಕೈಗೆ ಮಸಿ ಅಂಟಲ್ಲ.”

ಅವನು ಅಂದದ್ದು ಸಹಜವಾಗಿ. ಜಯಲಕ್ಷ್ಮಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಳು. ಬೆಳ್ಳಗಿದ್ದವು. ಎಷ್ಟೋ ವರ್ಷದಿಂದ ಬೆಳ್ಳಗಿದ್ದವು.

“ಕೇಸು ಕೂಗ್ತಾರೆ, ಹೊರಡ್ತೀನಿ” ಎಂದು ಎದ್ದಳು. ಬಾಗಿಲ ತನಕ ಬಂದ ಕನಕರಾಜು ಅವಳ ಕೋಟಿನ ಭುಜದ ಮೇಲಿದ್ದ ಹೊಂಗೆ ಎಲೆಯೊಂದನ್ನು ತಮ್ಮನ ಹಾಗೆ ತೆಗೆದು ಹಾಕಿದ.

ಕೋರ್ಟಿನ ಹಾಲಿನಲ್ಲಿ ಫ್ಯಾನು ತಿರುಗುತ್ತಿತ್ತು. ನಾಲ್ಕು ರೈತ ಕೇಸುಗಳ ಅರ್ಜಿಗಳನ್ನು ಜಯಲಕ್ಷ್ಮಮ್ಮ ಮೊದಲು ಸಲ್ಲಿಸಿದಳು. ಮ್ಯಾಜಿಸ್ಟ್ರೇಟರು ಅವಳ ಕಾರಣ ಕೇಳಿದರು, ಅವಳು ಹೇಳಿದಳು, ಅವರು ಒಪ್ಪಿದರು. ಕುರ್ಚಿಯ ಮೇಲೆ ಒಣ ಸಸಿ ಇಟ್ಟಿದ್ದ ರೈತ ಎರಡೂ ಕೈ ಜೋಡಿಸಿ ನಿಂತೇ ಇದ್ದ. ಹೊರಡು ಎಂದು ಶಶಿ ಮೂರು ಸಲ ಹೇಳಬೇಕಾಯಿತು.

ಆಮೇಲೆ ಮಾರನಕೊಪ್ಪಲಿನ ಕೇಸು ಕೂಗಿದರು.

ನೀಲಕಂಠಸ್ವಾಮಿ ಬಿಳಿ ಪಂಚೆ, ಬಿಳಿ ಶರಟು, ಹೆಗಲ ಮೇಲೆ ಹಸಿರು ಟವೆಲು ಹಾಕಿ ಬಂದು ನಿಂತ. ಅವನ ಹಿಂದೆ ಇಬ್ಬರು. ಮೂವರೂ ಮದುವೆ ಊಟಕ್ಕೆ ಬಂದವರ ಹಾಗೆ ಹಗುರಾಗಿದ್ದರು. ಜಯಲಕ್ಷ್ಮಮ್ಮನಿಗೆ ನಮಸ್ಕಾರವನ್ನೂ ಮಾಡಿದ. ಬಾಗಿಲ ಹೊರಗೆ ಚಿಕ್ಕಬೀರಮ್ಮ ಗೋಡೆಗೆ ಒರಗದೆ ನಿಂತಿದ್ದಳು. ಜವರಯ್ಯ ಅವಳಿಂದ ನಾಲ್ಕು ಹೆಜ್ಜೆ ಹಿಂದೆ. ಬೆಳಿಗ್ಗೆ ಕಟ್ಟೆಯ ಮೇಲಿದ್ದದ್ದಕ್ಕಿಂತ ಹತ್ತಿರ.

ಆರೋಪಿಗಳ ವಕೀಲ ಎದ್ದ. “ಸ್ವಾಮಿ, ಇದರಲ್ಲೂ ಸರ್ಕಾರದ ತೀರ್ಮಾನವಾಗಿದೆ. ಅಭಿಯೋಜಕರು ಅರ್ಜಿ ಹಾಕ್ತಾರೆ. ಊರಲ್ಲಿ ರಾಜಿಯೂ ಆಗಿದೆ. ಫೋಟೋ ಇದೆ.”

ಮ್ಯಾಜಿಸ್ಟ್ರೇಟರು ಜಯಲಕ್ಷ್ಮಮ್ಮನ ಕಡೆ ತಿರುಗಿದರು. “ಅರ್ಜಿ ಇದೆಯಾ?”

“ಕಳಿಸಿದ್ದಾರೆ ಸ್ವಾಮಿ. ನಾನು ಸಲ್ಲಿಸುತ್ತಿಲ್ಲ.”

ವಕೀಲನ ಕೈ ಗಾಳಿಯಲ್ಲೇ ನಿಂತಿತು. ನೀಲಕಂಠಸ್ವಾಮಿ ಏನಾಯಿತೆಂದು ಪಕ್ಕದವನನ್ನು ಕೇಳಿದ. ಪಕ್ಕದವನಿಗೂ ಗೊತ್ತಾಗಿರಲಿಲ್ಲ.

“ಅರ್ಜಿಯಲ್ಲಿ ನನ್ನ ಸ್ವಂತ ವಿವೇಚನೆ ಅಂತ ಬರೆದಿದೆ ಸ್ವಾಮಿ. ನನ್ನ ವಿವೇಚನೆ ಹಾಗೆ ಹೇಳುತ್ತಿಲ್ಲ. ಕಡತವನ್ನು ಮೊನ್ನೆ ಪೂರ್ತಿ ಓದಿದೆ.” ಅವಳು ವಕೀಲನ ಕಡೆ ತಿರುಗಿದಳು. “ಫೋಟೋವನ್ನು ಅವರು ಹಾಜರುಪಡಿಸಲಿ, ನನ್ನ ತಕರಾರಿಲ್ಲ. ಅದರಲ್ಲಿರುವವರೇ ಅದರ ಅರ್ಥ ಹೇಳಲು ಬಾಗಿಲಲ್ಲಿ ನಿಂತಿದ್ದಾರೆ.”

ವಕೀಲ ಫೋಟೋವನ್ನು ಕೊಡಲು ಚಾಚಿದ. ಜಯಲಕ್ಷ್ಮಮ್ಮನ ಮುಖ ನೋಡಿ ಅನುಮಾನ ಬಂದು, ಅರ್ಧಕ್ಕೇ ಹಿಂದಕ್ಕೆಳೆದುಕೊಂಡ. ಬೆರಳಲ್ಲಿ ಹಿಡಿದು ತಾನೇ ನೋಡತೊಡಗಿದ. ಅವನು ಮೈಸೂರು ನಗರದವನು. ಎಷ್ಟು ನೋಡಿದರೂ ಅವನಿಗೆ ಎಲೆಯೇ ಕಂಡಿತು.

ಅಷ್ಟರಲ್ಲಿ ಶಶಿ ಪಕ್ಕದ ಬಾಗಿಲಿನಿಂದ ಬಂದು ಅವಳ ಮೇಜಿನ ಮೇಲೆ ಒಂದು ಚೀಟಿ ಇಟ್ಟ. ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. ಕನಕರಾಜುವಿನ ಅಕ್ಷರ, ದುಂಡಗೆ ಬರೆಯಲು ಅವಳೇ ಕಲಿಸಿದ್ದು. ‘ಮುಂದೂಡಿಕೆ ಕೇಳಿ. ಇದು ಸಲಹೆಯಲ್ಲ, ಆದೇಶ.’ ಕೆಳಗೆ ಪೂರ್ಣ ಸಹಿ, ದಿನಾಂಕ, ಹುದ್ದೆ.

ಮ್ಯಾಜಿಸ್ಟ್ರೇಟರು ಚೀಟಿಯನ್ನು ನೋಡಿದರು, ಓದುವಷ್ಟು ಹತ್ತಿರವಿರಲಿಲ್ಲ. ಇಂಥ ಚೀಟಿ ಬಂದಾಗ ಮುಂದೇನಾಗುತ್ತದೆ ಎಂಬುದು ಅವರಿಗೆ ರೂಢಿಯಿತ್ತು. ಆಗಲೇ ಪೆನ್ನು ಎತ್ತಿಕೊಂಡು ಡೈರಿಯಲ್ಲಿ ಮುಂದಿನ ತಿಂಗಳ ಹಾಳೆ ತೆಗೆದರು.

“ಸಮಯ ಬೇಕೇನು ಮೇಡಂ? ಯಾವ ತಾರೀಕು ಕೊಡಲಿ?”

ಪಕ್ಕದ ಬಾಗಿಲಲ್ಲಿ ಕನಕರಾಜುವಿನ ಷೂ ಕಾಣುತ್ತಿತ್ತು. ಎದುರಿನ ಬಾಗಿಲಲ್ಲಿ ಚಿಕ್ಕಬೀರಮ್ಮ ರೊಟ್ಟಿಯ ಗಂಟನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಯಾರೂ ಕರೆಯುವ ಮೊದಲೇ ಒಂದು ಕಾಲನ್ನು ಹೊಸ್ತಿಲ ಒಳಗೆ ಇಟ್ಟಿದ್ದಳು.

ಜಯಲಕ್ಷ್ಮಮ್ಮ ಚೀಟಿಯನ್ನು ಹರಿಯಲಿಲ್ಲ. ಕಡತಕ್ಕೆ, ಸಣ್ಣಬೀರಯ್ಯನ ಕೈಯ ಎಕ್ಸ್‌ರೇಯ ಹಿಂದಕ್ಕೆ, ದಾರ ಹಾಕಿ ಪೋಣಿಸಿದಳು.

“ಬೇಡ ಸ್ವಾಮಿ” ಎಂದಳು. “ತಾರೀಕು ಕೇಳುವುದಿಲ್ಲ. ಕೇಳು ಅಂತ ಹೇಳಿದ್ದಾರೆ. ಕೇಳುವುದಿಲ್ಲ. ನನ್ನ ಮೊದಲ ಸಾಕ್ಷಿಯನ್ನು ಒಳಗೆ ಕರೆಸಿ.”